ತಣ್ಣೀರಿನ ಬಣ್ಣ: ಆಲ್ಪೈನ್ ನ್ಯೂಟ್ ಮತ್ತು ಅದನ್ನು ಮೆಚ್ಚಿದವರು

ಜರ್ಮನಿ, ಬೆಲ್ಜಿಯಂ, ಚೆಕ್ ಗಣರಾಜ್ಯದ ಕಾಡುಗಳಲ್ಲಿ ದಿಮ್ಮಿ ಸಾಗಿಸುವ ಭಾರಿ ವಾಹನಗಳು ಮಣ್ಣುದಾರಿಯ ಮೇಲೆ ಆಳವಾದ ಗಾಲಿಜಾಡು ಬಿಟ್ಟುಹೋಗುತ್ತವೆ. ಹಿಮ ಕರಗಿದ ಮೇಲೆ ಆ ಜಾಡುಗಳಲ್ಲಿ ನೀರು ನಿಲ್ಲುತ್ತದೆ. ಒಂದೆರಡು ಗೇಣು ಆಳದ ಆ ಕದಡಿದ ನೀರಿಗೆ ಮಾರ್ಚ್–ಏಪ್ರಿಲ್ ಹೊತ್ತಿಗೆ ಬಂದು ಸೇರುವ ಜೀವಿ ಯುರೋಪಿನ ಅತಿ ಚೆಲುವಾದ ಉಭಯವಾಸಿಗಳಲ್ಲಿ ಒಂದು. ಹೆಸರು ಆಲ್ಪೈನ್ ನ್ಯೂಟ್. ಸಾಲಮ್ಯಾಂಡರ್‌ಗಳ ಬಳಗಕ್ಕೆ ಸೇರಿದ ಇದು ಆಕಾರದಲ್ಲಿ ಹಲ್ಲಿಯಂತೆ ಕಂಡರೂ ಮೈಮೇಲೆ ಹುರುಪೆ ಇಲ್ಲ, ಸರೀಸೃಪವೂ ಅಲ್ಲ. ಕಪ್ಪೆಯ ಹಾಗೆ ಒದ್ದೆ ಚರ್ಮದ, ನೀರಿನಲ್ಲಿ ಮೊಟ್ಟೆಯಿಡುವ ಪ್ರಾಣಿ. ಬಣ್ಣದ ಕಾರಣಕ್ಕೇ ಯುರೋಪಿನ ಹವ್ಯಾಸಿಗಳು ಇದನ್ನು ಬಹುಕಾಲದಿಂದ ಗಾಜಿನ ತೊಟ್ಟಿಗಳಲ್ಲಿ ಸಾಕುತ್ತ ಬಂದಿದ್ದಾರೆ. ಈ ನ್ಯೂಟ್‌ಗೂ ಅದರ ಬಂಧುಗಳಿಗೂ ಒದಗಿದ ಕೇಡನ್ನು ಒಂದೊಂದಾಗಿ ನೋಡುತ್ತ ಹೋದರೆ ಅದರ ಬಹುಪಾಲು ದ್ವೇಷದಿಂದ ಬಂದದ್ದಲ್ಲ ಎಂಬುದು ಕಾಣುತ್ತದೆ. ಪರ್ವತದ ಸರೋವರಕ್ಕೆ ಮೀನು ಬಿಟ್ಟವರು, ದೂರದೇಶದ ನ್ಯೂಟ್‌ಗಳನ್ನು ತರಿಸಿ ಸಾಕಿದವರು, ಸಾಕಿದ್ದನ್ನು ಮರುಕಪಟ್ಟು ಹೊರಗೆ ಬಿಟ್ಟವರು, ಎಲ್ಲರೂ ನೀರನ್ನೋ ಪ್ರಾಣಿಯನ್ನೋ ಮೆಚ್ಚಿದವರೇ. ಹಾಗಾಗಿ ಇಂಥ ಪ್ರಾಣಿಯನ್ನು ಸಾಕಬಹುದೇ ಎಂಬ ಪ್ರಶ್ನೆಯನ್ನು ಸಾಕುವವರ ಪ್ರೀತಿಯ ಅಳತೆಯಿಂದ ತೀರ್ಮಾನಿಸಲಾಗದು ಎಂಬುದು ನನ್ನ ವಾದ. ಅದರ ತೊಟ್ಟಿಗೆ ಏನು ಬರುತ್ತದೆ, ತೊಟ್ಟಿಯಿಂದ ಏನು ಹೊರಗೆ ಹೋಗುತ್ತದೆ ಎಂಬುದರ ಮೇಲೆ ತೀರ್ಮಾನ ನಿಲ್ಲಬೇಕು.

ಮೊದಲು ರೂಪ. ಗಂಡು ಏಳೆಂಟು ಸೆಂಟಿಮೀಟರ್, ಹೆಣ್ಣು ಸ್ವಲ್ಪ ದೊಡ್ಡದು, ಹನ್ನೊಂದು–ಹನ್ನೆರಡರವರೆಗೆ ಬೆಳೆಯುತ್ತದೆ. ಹೊಟ್ಟೆ ಒಂದು ಚುಕ್ಕೆಯೂ ಇಲ್ಲದ ಗಾಢ ಕಿತ್ತಳೆ. ಅದೇ ನೀರಿನಲ್ಲಿ ಬದುಕುವ ಬೇರೆ ಜಾತಿಯ ನ್ಯೂಟ್‌ಗಳಿಂದ ಇದನ್ನು ಬೇರ್ಪಡಿಸುವ ಸುಲಭದ ಗುರುತು ಇದು. ಬೆದೆಯ ಕಾಲದಲ್ಲಿ ಗಂಡಿನ ಬೆನ್ನು ನೀಲಿ ಮಿಶ್ರಿತ ಕಪ್ಪಾಗುತ್ತದೆ. ಬೆನ್ನಿನ ಉದ್ದಕ್ಕೂ ಮಸುಕು ಹಳದಿಯ ಗಿಡ್ಡ ಏಣು ಏಳುತ್ತದೆ, ಅದರ ಮೇಲೆ ಸಾಲಾಗಿ ಕಪ್ಪು ಮಚ್ಚೆಗಳು. ಕೆನ್ನೆಯಿಂದ ಬಾಲದವರೆಗೆ ಪಕ್ಕೆಯಲ್ಲಿ ಬೆಳ್ಳಿಬಿಳುಪಿನ ಪಟ್ಟಿ, ಅದರ ತುಂಬ ಚಿರತೆಯ ಮೈಯಲ್ಲಿರುವಂಥ ಕರಿಚುಕ್ಕೆ. ಆ ಪಟ್ಟಿಗೂ ಕಿತ್ತಳೆ ಹೊಟ್ಟೆಗೂ ನಡುವೆ ತಿಳಿ ಆಕಾಶನೀಲಿಯ ಇನ್ನೊಂದು ಗೆರೆ. ಆ ನೀಲಿ ಯಾವುದೇ ನೀಲಿ ದ್ರವ್ಯದಿಂದ ಬಂದದ್ದಲ್ಲ. ಚರ್ಮದೊಳಗಿನ ಜೀವಕೋಶಗಳಲ್ಲಿರುವ ಸೂಕ್ಷ್ಮ ಹರಳುಗಳು ಬೆಳಕನ್ನು ಒಡೆದು ಚೆಲ್ಲುವುದರಿಂದ ಹುಟ್ಟಿದ ಬಣ್ಣ. ಹೆಣ್ಣಿನದು ಕಂದು, ಬೂದು, ಹಸಿರು ಕಲೆಸಿದ ಅಮೃತಶಿಲೆಯ ವಿನ್ಯಾಸ. ಕೆಸರಿನ ತಳದಲ್ಲಿ ಕೂತರೆ ಕಣ್ಣಿಗೆ ಬೀಳುವುದಿಲ್ಲ. ಗಂಡು ಹೆಣ್ಣಿನ ಮುಂದೆ ಬಂದು ನಿಂತು, ಬಾಲವನ್ನು ಪಕ್ಕೆಗೆ ಮಡಿಸಿ ವೇಗವಾಗಿ ಬೀಸುತ್ತದೆ. ಬಣ್ಣವನ್ನು ತೋರಿಸುವುದರ ಜೊತೆಗೆ ತನ್ನ ವಾಸನೆಯನ್ನೂ ಆ ಸಣ್ಣ ಅಲೆಗಳ ಮೇಲೆ ಅವಳ ಮೂಗಿಗೆ ತಲುಪಿಸುತ್ತದೆ. ಕಪ್ಪೆಗಳಂತೆ ಹಿಡಿದು ಅಪ್ಪುವ ಕ್ರಮ ಇಲ್ಲಿಲ್ಲ. ಗಂಡು ವೀರ್ಯದ ಪುಟ್ಟ ಗಂಟೊಂದನ್ನು ತಳದಲ್ಲಿ ಇಟ್ಟು ಮುಂದೆ ನಡೆಯುತ್ತದೆ. ಹೆಣ್ಣಿಗೆ ಒಪ್ಪಿಗೆಯಿದ್ದರೆ ಹಿಂದೆ ಬಂದು ಅದನ್ನು ಎತ್ತಿಕೊಳ್ಳುತ್ತದೆ. ಇಡೀ ವ್ಯವಹಾರ ನೋಟ ಮತ್ತು ವಾಸನೆಯ ಮೇಲೆ ನಿಂತಿದೆ. ಎರಡನ್ನೂ ಸಾಗಿಸುವುದು ನೀರು.

ಮೊಟ್ಟೆಯಿಡುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಹೆಣ್ಣು ಕಪ್ಪೆಯಂತೆ ರಾಶಿಗಟ್ಟಲೆ ಮೊಟ್ಟೆ ಸುರಿಯುವುದಿಲ್ಲ. ಜಲಸಸ್ಯದ ಒಂದು ಎಲೆಯನ್ನು ಮೂಸಿ ನೋಡಿ, ಒಪ್ಪಿದರೆ ಹಿಂಗಾಲುಗಳಿಂದ ಅದನ್ನು ಹಿಡಿದು, ಒಂದೇ ಒಂದು ಮೊಟ್ಟೆಯನ್ನು ಅದರ ಮೇಲಿಟ್ಟು, ವೀಳ್ಯದೆಲೆ ಮಡಿಸಿದಂತೆ ಎಲೆಯನ್ನು ಮಡಚಿ ಒತ್ತಿ ಹಿಡಿಯುತ್ತದೆ. ಮೊಟ್ಟೆಯ ಅಂಟು ಮಡಿಕೆಯನ್ನು ಹಾಗೇ ಕಚ್ಚಿಕೊಳ್ಳುತ್ತದೆ. ಆಮೇಲೆ ಇನ್ನೊಂದು ಎಲೆ, ಇನ್ನೊಂದು ಮೊಟ್ಟೆ. ಹೀಗೆ ವಾರಗಟ್ಟಲೆ, ಒಂದು ಋತುವಿನಲ್ಲಿ ನೂರು ಇನ್ನೂರು ಮೊಟ್ಟೆಗಳು. ಎರಡರಿಂದ ನಾಲ್ಕು ವಾರಕ್ಕೆ ಮರಿ ಹೊರಬರುತ್ತದೆ. ಕತ್ತಿನ ಎರಡೂ ಬದಿಗೆ ಗರಿಯಂಥ ಕಿವಿರು. ಎರಡು ಮೂರು ತಿಂಗಳಲ್ಲಿ ಕಿವಿರು ಕರಗಿ, ಶ್ವಾಸಕೋಶ ಬೆಳೆದು, ಬೆರಳುದ್ದವೂ ಇಲ್ಲದ ಎಳೆಯ ನ್ಯೂಟ್ ನೆಲ ಹತ್ತುತ್ತದೆ. ಎತ್ತರದ ಬೆಟ್ಟಗಳ ಕೊರೆಯುವ ನೀರಿನಲ್ಲಾದರೆ ಮರಿ ಇಡೀ ಚಳಿಗಾಲವನ್ನು ಮಂಜುಗಡ್ಡೆಯ ಕೆಳಗೆ ಕಳೆದು ಮರುವರ್ಷ ರೂಪ ಬದಲಿಸುವುದೂ ಉಂಟು.

ನೆಲದ ಮೇಲಿನ ಬದುಕಿಗೆ ಆ ಬಣ್ಣ ಬೇಡ. ಬೇಸಿಗೆಯ ಹೊತ್ತಿಗೆ ದೊಡ್ಡ ನ್ಯೂಟ್‌ಗಳೂ ನೀರು ಬಿಡುತ್ತವೆ. ಗಂಡಿನ ಏಣು ಇಳಿಯುತ್ತದೆ, ನೀಲಿ ಮಸುಕಾಗುತ್ತದೆ, ನೀರಿನಲ್ಲಿ ನುಣುಪಾಗಿದ್ದ ಚರ್ಮ ಒರಟಾಗಿ ಮಖಮಲ್ಲಿನ ಕಪ್ಪಿಗೆ ತಿರುಗುತ್ತದೆ. ಬಿದ್ದ ಮರದ ಕೆಳಗೆ, ಕಲ್ಲಿನ ಸಂದಿನಲ್ಲಿ, ತರಗೆಲೆಯ ಒದ್ದೆಯಲ್ಲಿ ಹಗಲು ಕಳೆದು, ಮಳೆ ಬಂದ ರಾತ್ರಿಗಳಲ್ಲಿ ಹುಳುಹುಪ್ಪಟೆ ಹುಡುಕುತ್ತ ತಿರುಗುತ್ತದೆ. ಎಳೆಯವು ಎರಡು ಮೂರು ವರ್ಷ ಪೂರ್ತಿ ಹೀಗೆ ಕಾಡಿನ ನೆಲದಲ್ಲಿದ್ದು, ಪ್ರಾಯಕ್ಕೆ ಬಂದ ಮೇಲೆ ಮತ್ತೆ ಕೊಳಕ್ಕೆ ಮರಳುತ್ತವೆ. ಹತ್ತು ವರ್ಷ ಬದುಕುವುದು ಸಾಮಾನ್ಯ, ತಣ್ಣನೆಯ ಎತ್ತರಗಳಲ್ಲಿ ಅದಕ್ಕೂ ಹೆಚ್ಚು. ಹೆಸರಿನಲ್ಲಿ ಆಲ್ಪ್ಸ್ ಇದ್ದರೂ ವಾಸ ಆ ಪರ್ವತಗಳಿಗೆ ಸೀಮಿತವಲ್ಲ. ಫ್ರಾನ್ಸಿನ ಪಶ್ಚಿಮ ಭಾಗದಿಂದ ಕಾರ್ಪೇಥಿಯನ್ ಬೆಟ್ಟಗಳವರೆಗೆ, ಡೆನ್ಮಾರ್ಕಿನ ದಕ್ಷಿಣದಿಂದ ಗ್ರೀಸಿನವರೆಗೆ ಹರಡಿದೆ. ಉತ್ತರ ಸ್ಪೇನಿನಲ್ಲೂ ಇಟಲಿಯ ಪರ್ವತಗಳಲ್ಲೂ ತುಂಡು ತುಂಡಾಗಿ ಉಳಿದಿದೆ. ಸಮುದ್ರಮಟ್ಟದ ಹತ್ತಿರದಿಂದ 2,300 ಮೀಟರಿಗೂ ಎತ್ತರದ ಕೊಳಗಳವರೆಗೆ ಅದು ಸಿಗುತ್ತದೆ. ಈ ಎಲ್ಲ ಜಾಗಗಳಿಗೂ ಸಮಾನವಾದದ್ದು ಎರಡೇ: ನೀರು ತಣ್ಣಗಿರಬೇಕು, ನೀರಿನಲ್ಲಿ ಮೀನು ಇರಬಾರದು. ಗಾಲಿಜಾಡಿನ ನೀರು ಬೇಸಿಗೆಗೆ ಬತ್ತಿಹೋಗುವುದನ್ನು ನಾವು ಕೊರತೆ ಎಂದುಕೊಳ್ಳುತ್ತೇವೆ. ಬತ್ತುವ ನೀರಿನಲ್ಲಿ ಮೀನು ನಿಲ್ಲುವುದಿಲ್ಲ, ಆದ್ದರಿಂದ ನ್ಯೂಟ್‌ಗೆ ಅದೇ ಅನುಕೂಲ.

ಮೀನಿನ ಮಾತು ಬಂದದ್ದರಿಂದ ಬಾಲ್ಕನ್ ಪ್ರದೇಶದ ಪರ್ವತಗಳಿಗೆ ಹೋಗಬೇಕು. ಅಲ್ಲಿನ ಕೆಲವು ಎತ್ತರದ ಸರೋವರಗಳಲ್ಲಿ ಈ ನ್ಯೂಟ್ ಒಂದು ಅಪರೂಪದ ದಾರಿ ಹಿಡಿದಿತ್ತು. ಮರಿಯ ಕಿವಿರನ್ನು ಕಳಚದೆ, ನೆಲ ಹತ್ತದೆ, ಹಾಗೇ ನೀರಿನಲ್ಲಿ ಪ್ರಾಯಕ್ಕೆ ಬಂದು ಸಂತಾನ ಪಡೆಯುವ ನ್ಯೂಟ್‌ಗಳು ಅಲ್ಲಿದ್ದವು. ಸುತ್ತಲಿನ ನೆಲ ಬರಡಾಗಿ ಕಠಿಣವಾಗಿದ್ದು, ನೀರು ಆಳವಾಗಿ, ಮೀನಿಲ್ಲದೆ, ವರ್ಷವಿಡೀ ಉಳಿಯುವುದಾದರೆ ನೀರು ಬಿಟ್ಟು ಹೊರಡುವ ಅಗತ್ಯವಾದರೂ ಏನು? ಬೋಸ್ನಿಯಾದ ವ್ರಾನಿತ್ಸಾ ಪರ್ವತದ ಮೇಲೆ, 1,600 ಮೀಟರಿಗೂ ಎತ್ತರದಲ್ಲಿರುವ ಪ್ರೊಕೊಶ್ಕೊ ಸರೋವರದ ನ್ಯೂಟ್‌ಗಳನ್ನು 1902ರಲ್ಲಿ ಆಸ್ಟ್ರಿಯಾದ ಫ್ರಾಂಟ್ಸ್ ವೆರ್ನರ್ ಪ್ರತ್ಯೇಕ ಉಪಜಾತಿಯೆಂದು ವರ್ಣಿಸಿದರು. ಮಾಂಟೆನೆಗ್ರೊದ ಬುಕುಮಿರ್ ಸರೋವರದ್ದನ್ನು 1951ರಲ್ಲಿ ಹಾಗೇ ವರ್ಣಿಸಲಾಯಿತು. ಆಮೇಲೆ ಈ ನೀರುಗಳಿಗೆ ಮೀನು ಬಂತು, ಗಾಳ ಹಾಕುವವರ ಸಂತೋಷಕ್ಕೆ ಬಿಟ್ಟ ಟ್ರೌಟ್ ಮುಂತಾದವು. ಮೀನಿನ ಬಾಯಿಗೆ ಮೊದಲು ಸಿಗುವುದು ನೀರು ಬಿಟ್ಟು ಓಡಲಾರದ, ಕಿವಿರಿನ ನ್ಯೂಟ್‌ಗಳೇ. ಪ್ರೊಕೊಶ್ಕೊದ ಆ ಬಗೆಯನ್ನು ಈಗ ಅಳಿದದ್ದೆಂದೇ ಎಣಿಸುತ್ತಾರೆ. ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಡೆನೊಯೆಲ್ ಮತ್ತು ಸಂಗಡಿಗರು ಮಾಂಟೆನೆಗ್ರೊದ ನೀರುಗಳನ್ನು ವರ್ಷಗಟ್ಟಲೆ ಸುತ್ತಿ 2019ರಲ್ಲಿ ಪ್ರಕಟಿಸಿದ ಅಧ್ಯಯನವೂ ಈ ಜೀವನಕ್ರಮ ಕಣ್ಮರೆಯಾಗುತ್ತಿರುವುದಕ್ಕೆ ಹೊರಗಿನಿಂದ ತಂದ ಮೀನನ್ನೇ ಮುಖ್ಯ ಕಾರಣವಾಗಿ ತೋರಿಸಿತು. ಈ ಉಪಜಾತಿಗಳಿಗೆ ಜೀನುಗಳ ಆಧಾರವಿಲ್ಲ ಎಂದು ಇಂದಿನ ತಳಿವಿಜ್ಞಾನಿಗಳಲ್ಲಿ ಹಲವರು ಹೇಳುತ್ತಾರೆ. ಅವರ ಮಾತು ಸರಿಯಿದ್ದರೂ ನಷ್ಟ ಕಡಿಮೆಯಾಗುವುದಿಲ್ಲ. ಹೋದದ್ದು ಬದುಕುವ ಒಂದು ರೀತಿ, ಅದನ್ನು ಬೇರೆ ಕಡೆಯ ನ್ಯೂಟ್ ತಂದು ಬಿಟ್ಟು ಮರಳಿಸಲಾಗದು.

ಟ್ರೌಟ್ ಬೇಟೆಯ ಮೀನು, ಅದು ತಿನ್ನುವುದು ಸಹಜ, ಮನೆಯ ಕೊಳದ ಸಾಧು ಗೋಲ್ಡ್‌ಫಿಶ್‌ನಿಂದ ಏನಾದೀತು ಎಂದು ಕೇಳುವವರಿದ್ದಾರೆ. ಅದೇ ಲಿಯೇಜ್ ತಂಡ 2015ರಲ್ಲಿ ಇದಕ್ಕೆ ಪ್ರಯೋಗದಿಂದಲೇ ಉತ್ತರ ಕೊಟ್ಟಿತು. ಆಲ್ಪೈನ್ ನ್ಯೂಟ್‌ಗಳಿದ್ದ ತೊಟ್ಟಿಗಳಲ್ಲಿ ಗೋಲ್ಡ್‌ಫಿಶ್ ಇಟ್ಟಾಗ ನ್ಯೂಟ್‌ಗಳು ಬೆದೆಯ ಕಾಲದಲ್ಲೇ ನೀರು ಬಿಟ್ಟು ನೆಲಕ್ಕೆ ಹೋದವು. ಉಳಿದವುಗಳ ಪ್ರಣಯ ವ್ಯಾಪಾರವೂ ಕುಗ್ಗಿತು. ಮೀನು ದೊಡ್ಡ ನ್ಯೂಟನ್ನು ತಿನ್ನದಿದ್ದರೂ ಅದರ ಹಾಜರಿ ಒಂದೇ ಸಾಕು, ಆ ವರ್ಷದ ಸಂತಾನಕ್ಕೆ ಪೆಟ್ಟು ಬೀಳುತ್ತದೆ. ಮೊಟ್ಟೆ, ಮರಿಗಳನ್ನಂತೂ ಗೋಲ್ಡ್‌ಫಿಶ್ ಮುಕ್ಕುತ್ತದೆ. ಯುರೋಪಿನ ಮನೆಯಂಗಳಗಳಲ್ಲಿ ಕೊಳ ತೋಡುವ ರೂಢಿ ಈ ನ್ಯೂಟ್‌ಗೆ ನಿಜಕ್ಕೂ ವರವಾಗಿದೆ, ಹೊಸ ಕೊಳವನ್ನು ಅದು ಒಂದೆರಡು ವರ್ಷದಲ್ಲೇ ತಾನಾಗಿ ಹುಡುಕಿಕೊಂಡು ಬರುತ್ತದೆ. ಆ ವರವನ್ನು ಹಾಳುಮಾಡಲು ಅಂಗಡಿಯಿಂದ ತಂದ ಒಂದು ಜೊತೆ ಕೆಂಪು ಮೀನು ಸಾಕಾಗುತ್ತದೆ.

ಇನ್ನು ನ್ಯೂಟನ್ನೇ ಸಾಗಿಸಿದ ಕತೆ. ಬ್ರಿಟನ್ನಿಗೆ ಇದು 1920ರ ದಶಕದಲ್ಲಿ ತಲುಪಿತು. ತೋಟದ ಕೊಳಗಳಿಂದ ಹೊರಬಿದ್ದು ಅಲ್ಲಲ್ಲಿ ನೆಲೆಯೂರಿತು. ಅದನ್ನು ಕಾಡಿಗೆ ಬಿಡುವುದು ಅಲ್ಲಿ ಈಗ ಅಪರಾಧ. ನ್ಯೂಜಿಲೆಂಡಿನ ಸಂಗತಿ ಇನ್ನೂ ಗಂಭೀರ. ಭೂಮಿಯ ಆ ತುದಿಯಲ್ಲಿ ನ್ಯೂಟ್ ಎಂಬುದೇ ಇರಲಿಲ್ಲ. 2013ರಲ್ಲಿ ಕೊರೊಮಂಡಲ್ ಪರ್ಯಾಯದ್ವೀಪದಲ್ಲಿ ಆಲ್ಪೈನ್ ನ್ಯೂಟ್‌ಗಳು ಬೀಡುಬಿಟ್ಟಿರುವುದು ಗೊತ್ತಾಯಿತು. ಇಟಲಿಯ ಮೂಲದ, ಸಾಕುವವರ ನಡುವೆ ಹೆಚ್ಚು ಓಡಾಡುವ ಅಪುವಾನ ಎಂಬ ಬಗೆ ಅದು. ಯಾರೋ ಪ್ರಾಣಿಪ್ರಿಯರ ಕೈ ದಾಟದೆ ಅದು ಅಲ್ಲಿಗೆ ಹೋಗಲು ಬೇರೆ ದಾರಿಯಿಲ್ಲ. ಅದೇ ಕೊರೊಮಂಡಲ್ ಬೆಟ್ಟಗಳು ಆರ್ಚಿಯ ಕಪ್ಪೆಯ ಮನೆ. ಕೋಟ್ಯಂತರ ವರ್ಷಗಳ ಹಿಂದೆ ಉಳಿದ ಕಪ್ಪೆಗಳಿಂದ ಬೇರೆಯಾದ, ಬೆರಳೆಣಿಕೆಯ ಜಾತಿಗಳಷ್ಟೇ ಉಳಿದಿರುವ ಪುರಾತನ ವಂಶದ್ದು ಅದು. ಹೊಸ ನ್ಯೂಟ್ ಅದಕ್ಕೆ ರೋಗ ಅಂಟಿಸೀತೆಂಬ ಭಯದಿಂದ ಸರ್ಕಾರ ನ್ಯೂಟ್‌ಗಳನ್ನು ಹಿಡಿದು ನಿರ್ಮೂಲ ಮಾಡುವ ಕೆಲಸಕ್ಕೆ ಇಳಿಯಬೇಕಾಯಿತು. ಯುರೋಪಿನಲ್ಲಿ ಕಾನೂನಿನ ರಕ್ಷಣೆ ಇರುವ ಚೆಂದದ ಪ್ರಾಣಿಯೊಂದು ಅಲ್ಲಿ ಕೊಲ್ಲಬೇಕಾದ ಪ್ರಾಣಿಯಾಯಿತು. ಇದರಲ್ಲಿ ಅದರ ತಪ್ಪೇನೂ ಇರಲಿಲ್ಲ.

ಆ ಭಯಕ್ಕೆ ಆಧಾರವಿದೆ. ನೆದರ್ಲೆಂಡ್ಸಿನ ದಕ್ಷಿಣ ತುದಿಯಲ್ಲಿ ಬುಂಡರ್‌ಬಾಸ್ ಎಂಬ ಪುಟ್ಟ ಕಾಡಿದೆ. ಕಪ್ಪು ಮೈಮೇಲೆ ಹಳದಿ ಪಟ್ಟೆಗಳಿರುವ ಫೈರ್ ಸಾಲಮ್ಯಾಂಡರ್ ಆ ದೇಶದಲ್ಲಿ ಉಳಿದಿದ್ದದ್ದೇ ಅಂಥ ಒಂದೆರಡು ಕಾಡುಗಳಲ್ಲಿ. 2010ರ ಸುಮಾರಿಗೆ ಅಲ್ಲಿ ಸತ್ತ ಸಾಲಮ್ಯಾಂಡರ್‌ಗಳು ಕಾಣಿಸತೊಡಗಿದವು, ಮೂರೇ ವರ್ಷದಲ್ಲಿ ನೂರಕ್ಕೆ 96ರಷ್ಟು ಇಲ್ಲವಾದವು. 2013ರಲ್ಲಿ ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದ ಆ್ಯನ್ ಮಾರ್ಟೆಲ್ ಮತ್ತು ಜೊತೆಗಾರರು ಕಾರಣ ಪತ್ತೆಹಚ್ಚಿದರು. ಅದು ಚರ್ಮವನ್ನು ತಿಂದು ಹುಣ್ಣು ಮಾಡುವ ಹೊಸ ಶಿಲೀಂಧ್ರ, ವಿಜ್ಞಾನಿಗಳು ಚುಟುಕಾಗಿ ಬಿಸಾಲ್ ಎನ್ನುತ್ತಾರೆ. ಉಭಯವಾಸಿಗಳಿಗೆ ಚರ್ಮವೆಂದರೆ ಹೊದಿಕೆ ಮಾತ್ರವಲ್ಲ. ಉಸಿರಾಟದ ದೊಡ್ಡ ಪಾಲು, ನೀರು–ಲವಣಗಳ ಸಮತೋಲ ಎಲ್ಲವೂ ಅದರ ಮೂಲಕವೇ. ಚರ್ಮ ಹೋದರೆ ಒಂದೆರಡು ವಾರದಲ್ಲಿ ಪ್ರಾಣವೇ ಹೋಗುತ್ತದೆ. ಮರುವರ್ಷ ಅದೇ ತಂಡ ಶಿಲೀಂಧ್ರದ ಊರನ್ನೂ ಹೇಳಿತು. ಪೂರ್ವ ಏಷ್ಯಾದ ನ್ಯೂಟ್‌ಗಳು ಇದನ್ನು ಲಕ್ಷಾಂತರ ವರ್ಷಗಳಿಂದ ಹೊತ್ತು, ಅದರೊಂದಿಗೆ ಬಾಳುವುದನ್ನು ಕಲಿತಿವೆ. 150 ವರ್ಷಕ್ಕೂ ಹಳೆಯದಾದ, ವಸ್ತುಸಂಗ್ರಹಾಲಯದಲ್ಲಿಟ್ಟ ಒಂದು ಏಷ್ಯನ್ ನ್ಯೂಟಿನ ಮೈಮೇಲೂ ಅದರ ಡಿಎನ್‌ಎ ಸಿಕ್ಕಿತು. ಯುರೋಪಿಗೆ ಅದು ಬಂದ ದಾರಿ ಸಾಕುಪ್ರಾಣಿಗಳ ವ್ಯಾಪಾರ. ಆ ವ್ಯಾಪಾರದ ಗಾತ್ರಕ್ಕೆ ಒಂದು ಲೆಕ್ಕ ಸಾಕು: 2001ರಿಂದ 2009ರ ನಡುವೆ ಅಮೆರಿಕ ಒಂದೇ ಚೀನಾದ ಕೆಂಪುಹೊಟ್ಟೆಯ ನ್ಯೂಟ್‌ಗಳನ್ನು 23 ಲಕ್ಷಕ್ಕೂ ಹೆಚ್ಚು ತರಿಸಿಕೊಂಡಿತು.

ಈ ಕತೆಯಲ್ಲಿ ಆಲ್ಪೈನ್ ನ್ಯೂಟಿನ ಪಾತ್ರ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುತ್ತದೆ. ಬೆಲ್ಜಿಯಂನ ರೊಬರ್ಟ್‌ವಿಲ್ ಕಾಡಿಗೆ 2014ರಲ್ಲಿ ಶಿಲೀಂಧ್ರ ಹೊಕ್ಕಿತು. ಆರು ತಿಂಗಳಲ್ಲಿ ಅಲ್ಲಿನ ಫೈರ್ ಸಾಲಮ್ಯಾಂಡರ್‌ಗಳಲ್ಲಿ ಹತ್ತಕ್ಕೆ ಒಂಬತ್ತು ಸತ್ತವು. ಇಷ್ಟು ವೇಗವಾಗಿ ಕೊಲ್ಲುವ ರೋಗ ತನ್ನ ಆಹಾರವನ್ನು ತಾನೇ ಮುಗಿಸಿಕೊಂಡು ಆರಿಹೋಗಬೇಕಲ್ಲವೇ? ಆರಲಿಲ್ಲ. 2017ರಲ್ಲಿ ಪ್ರಕಟವಾದ ಅಧ್ಯಯನ ಕಾರಣ ಬಿಡಿಸಿಟ್ಟಿತು. ಅದೇ ಕಾಡಿನ ಆಲ್ಪೈನ್ ನ್ಯೂಟ್‌ಗಳು ಸ್ವಲ್ಪ ಪ್ರಮಾಣದ ಸೋಂಕನ್ನು ತಡೆದುಕೊಂಡು ತಿಂಗಳುಗಟ್ಟಲೆ ಬದುಕುತ್ತವೆ, ಅಷ್ಟೂ ಕಾಲ ಹೊರಗೆ ರೋಗ ಚೆಲ್ಲುತ್ತವೆ. ಹೆಚ್ಚು ಸೋಂಕಾದರೆ ಅವೂ ಸಾಯುತ್ತವೆ. ಫೈರ್ ಸಾಲಮ್ಯಾಂಡರ್‌ಗಳಿಗೆ ಒಮ್ಮೆ ರೋಗ ಬಂದರೂ ಮುಂದಕ್ಕೆ ರಕ್ಷಣೆ ಹುಟ್ಟುವುದಿಲ್ಲ. ಇದಕ್ಕೆ ಸಾಲದೆಂಬಂತೆ ಶಿಲೀಂಧ್ರದ ಗಟ್ಟಿಕವಚದ ಬೀಜಕಣಗಳು ನೀರಿನ ಮೇಲೆ ತೇಲುತ್ತ ಬಹುದಿನ ಉಳಿಯಬಲ್ಲವು, ಹೆಬ್ಬಾತಿನ ಪಾದಕ್ಕೂ ಅಂಟಿಕೊಳ್ಳಬಲ್ಲವು. ಈ ಶಿಲೀಂಧ್ರಕ್ಕೆ ಹಿತವಾದ ಉಷ್ಣಾಂಶ 10ರಿಂದ 15 ಡಿಗ್ರಿ ಸೆಲ್ಸಿಯಸ್. ನ್ಯೂಟಿಗೆ ಹಿತವಾದದ್ದೂ ಹೆಚ್ಚುಕಡಿಮೆ ಅಷ್ಟೇ. ಫೈರ್ ಸಾಲಮ್ಯಾಂಡರ್‌ಗಳನ್ನು ಹತ್ತು ದಿನ 25 ಡಿಗ್ರಿಯಲ್ಲಿ ಇಟ್ಟರೆ ರೋಗ ವಾಸಿಯಾಗುತ್ತದೆಂದು ಪ್ರಯೋಗಾಲಯ ತೋರಿಸಿದೆ, ಆದರೆ ಕಾಡನ್ನು ಬಿಸಿ ಮಾಡಿ ಗುಣಪಡಿಸುವ ಉಪಾಯ ಯಾರಲ್ಲೂ ಇಲ್ಲ. 2018ರಲ್ಲಿ ಕತಲೋನಿಯಾದ ಮೊಂಟ್‌ನೆಗ್ರೆ ಬೆಟ್ಟಗಳ ಒಂದು ನೀರಿನಲ್ಲಿ ಹಸಿರು ಮಚ್ಚೆಯ ಮಾರ್ಬಲ್ಡ್ ನ್ಯೂಟ್‌ಗಳು ಇದೇ ರೋಗಕ್ಕೆ ಬಲಿಯಾದವು. ರೋಗವಿದ್ದ ಉಳಿದ ಪ್ರದೇಶಗಳಿಂದ ಅದು ನೂರಾರು ಮೈಲಿ ದೂರ. ಅಲ್ಲಿಗೆ ಶಿಲೀಂಧ್ರ ತಲುಪಿದ್ದು ಸಾಕಿದ ಪ್ರಾಣಿಯನ್ನು ಯಾರೋ ಬಿಟ್ಟಿದ್ದರಿಂದ ಎಂದೇ ಸಂಶೋಧಕರು ಎಣಿಸುತ್ತಾರೆ.

ಈಗ ಸಾಕುವ ವಿಚಾರ. ನ್ಯಾಯವಾಗಿ ಹೇಳಬೇಕೆಂದರೆ ಆಲ್ಪೈನ್ ನ್ಯೂಟ್ ಸಾಕಲು ಕಷ್ಟದ ಪ್ರಾಣಿಯಲ್ಲ, ತಣ್ಣನೆಯ ಮನೆ ಇದ್ದರೆ. ಒಂದು ಜೊತೆಗೆ ಎರಡು ಅಡಿ ಉದ್ದದ ತೊಟ್ಟಿ ಸಾಲುತ್ತದೆ. ಒಂದು ಗೇಣಿಗೆ ಕಡಿಮೆಯಿಲ್ಲದ ನೀರು, ತುಂಬ ಜಲಸಸ್ಯ, ಹತ್ತಿ ಕೂರಲು ತೇಲುವ ತೊಗಟೆಯೋ ಕಲ್ಲೋ ಬೇಕು. ನೀರಿಗೆ ಬಿಸಿ ಮಾಡುವ ಸಲಕರಣೆ ಖಂಡಿತ ಬೇಡ. ನಲ್ಲಿನೀರಿನ ಕ್ಲೋರಿನ್ ತೆಗೆದಿರಬೇಕು, ಫಿಲ್ಟರಿನ ಸೆಳೆತ ಮೆತ್ತಗಿರಬೇಕು. ಮುಚ್ಚಳ ಸಂದಿಲ್ಲದೆ ಕೂತಿರಬೇಕು, ಒದ್ದೆ ಮೈಯ ನ್ಯೂಟ್ ನೆಟ್ಟಗಿನ ಗಾಜನ್ನೂ ಹತ್ತಿ ಹೊರಬರುತ್ತದೆ, ಬಂದರೆ ಮಂಚದ ಕೆಳಗೆಲ್ಲೋ ಒಣಗಿ ಸಾಯುತ್ತದೆ. ಊಟಕ್ಕೆ ತುಂಡರಿಸಿದ ಎರೆಹುಳು, ಡ್ಯಾಫ್ನಿಯಾ, ಬ್ಲಡ್‌ವರ್ಮ್. ನೀರು 20 ಡಿಗ್ರಿಯ ಒಳಗಿದ್ದರೆ ಚೆನ್ನ. 25 ದಾಟಿದರೆ ಪ್ರಾಣಿ ಸೊರಗುತ್ತದೆ, ಹೆಚ್ಚು ದಿನ ಹಾಗಿದ್ದರೆ ಉಳಿಯುವುದಿಲ್ಲ. ಮರಿ ಬೇಕೆಂದರೆ ಕೆಲವು ವಾರವಾದರೂ ಐದಾರು ಡಿಗ್ರಿಯ ಚಳಿಗಾಲ ಕೊಡಬೇಕು. ಆ ಚಳಿ ಸಿಗದಿದ್ದರೆ ಗಂಡಿಗೆ ಏಣೂ ಸರಿಯಾಗಿ ಏಳುವುದಿಲ್ಲ, ನೀಲಿಯೂ ತುಂಬುವುದಿಲ್ಲ. ಬಣ್ಣಕ್ಕಾಗಿ ಕೊಂಡವರಿಗೆ ಬಣ್ಣ ಸಿಗುವುದು ಆಲ್ಪ್ಸಿನ ಚಳಿಗಾಲವನ್ನು ಮನೆಗೆ ತಂದಾಗ ಮಾತ್ರ. ಈ ಕಾರಣಕ್ಕೇ ನೆಲಮಾಳಿಗೆಯಲ್ಲಿ, ಬಿಸಿ ಮಾಡದ ಕೋಣೆಯಲ್ಲಿ ಸಾಕುವವರಲ್ಲಿ ನ್ಯೂಟ್‌ಗಳು ಚೆನ್ನಾಗಿ ಬಾಳುತ್ತವೆ.

ಸಾಕುವವರ ಪರವಾಗಿ ಬಲವಾದ ವಾದಗಳಿವೆ. ತೊಟ್ಟಿಯಲ್ಲಿ ಹುಟ್ಟಿದ ಮರಿಗಳು ಮಾರುಕಟ್ಟೆಗೆ ಬಂದರೆ ಕಾಡಿನಿಂದ ಹಿಡಿಯುವುದು ತಪ್ಪುತ್ತದೆ ಎನ್ನುತ್ತಾರೆ. ಒಪ್ಪತಕ್ಕ ಮಾತು, ಇಂದು ಯುರೋಪಿನ ಹವ್ಯಾಸಿಗಳ ಕೈಯಲ್ಲಿರುವ ಅಪುವಾನಗಳಲ್ಲಿ ಬಹುಪಾಲು ತಲೆಮಾರುಗಳಿಂದ ತೊಟ್ಟಿಯಲ್ಲೇ ಹುಟ್ಟಿ ಬಂದವು. ಉಭಯವಾಸಿಗಳ ಪ್ರಣಯ, ಮೊಟ್ಟೆ, ಮರಿಗಳ ಬಗೆಗಿನ ನಮ್ಮ ತಿಳಿವಳಿಕೆಯಲ್ಲಿ ಹವ್ಯಾಸಿಗಳ ಪಾಲು ದೊಡ್ಡದು ಎಂಬುದೂ ನಿಜ. ಬುಂಡರ್‌ಬಾಸ್‌ನ ಕೊನೆಯ ಸಾಲಮ್ಯಾಂಡರ್‌ಗಳನ್ನು ಕಾಡಿನಿಂದ ತಂದು ಆಶ್ರಯ ಕೊಟ್ಟಾಗ ಅವುಗಳನ್ನು ಉಳಿಸಲು ಬೇಕಾದದ್ದು ಸಾಕಣೆಯ ಅನುಭವವೇ. ಆದರೆ ಈ ವಾದಗಳೆಲ್ಲ ಎಲ್ಲಿಂದ ಹಿಡಿದರು ಎಂಬ ಪ್ರಶ್ನೆಗಷ್ಟೇ ಉತ್ತರ. ತೊಟ್ಟಿಯಲ್ಲಿ ಹುಟ್ಟಿದ ನ್ಯೂಟ್ ಪಕ್ಕದ ತೊಟ್ಟಿಯ ಏಷ್ಯನ್ ನ್ಯೂಟಿನಿಂದ ರೋಗ ಹಚ್ಚಿಸಿಕೊಳ್ಳಲು ಅದರ ಹುಟ್ಟು ಅಡ್ಡಬರುವುದಿಲ್ಲ. ನೀರು ಬದಲಿಸುವಾಗ ಬಕೆಟಿನ ನೀರನ್ನು ತೋಟಕ್ಕೆ ಚೆಲ್ಲಿದರೆ, ಹಳೆಯ ಜಲಸಸ್ಯವನ್ನು ಕೊಳಕ್ಕೆ ಎಸೆದರೆ ಸಾಕು, ಒಂದು ಪ್ರಾಣಿಯೂ ತಪ್ಪಿಸಿಕೊಳ್ಳದೆ ರೋಗ ಹೊರಗೆ ಹೋಗುತ್ತದೆ. ಒಳ್ಳೆಯ ಸಾಕಣೆದಾರ ಎಂದು ನಾನು ಕರೆಯುವುದು ಹೊರಹೋಗುವ ಪ್ರತಿ ಬಕೆಟ್ ನೀರನ್ನು ಕುದಿಸಿಯೋ ಬ್ಲೀಚ್ ಹಾಕಿಯೋ ಚೆಲ್ಲುವವರನ್ನು, ಬೇರೆ ಬೇರೆ ಖಂಡದ ಪ್ರಾಣಿಗಳಿಗೆ ಬೇರೆ ಬಲೆ, ಬೇರೆ ಇಕ್ಕಳ ಇಡುವವರನ್ನು, ಹೊಸದಾಗಿ ಬಂದದ್ದನ್ನು ವಾರಗಟ್ಟಲೆ ಪ್ರತ್ಯೇಕವಿಟ್ಟು ಚರ್ಮದ ಸ್ವಾಬ್ ಪರೀಕ್ಷೆ ಮಾಡಿಸುವವರನ್ನು. ಅಂಥವರು ಸಾಕಿದರೆ ನನ್ನ ತಕರಾರಿಲ್ಲ.

ಇನ್ನೊಂದು ಆಕ್ಷೇಪ ಅಂಕಿಅಂಶದ್ದು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ಆಲ್ಪೈನ್ ನ್ಯೂಟ್ ಇರುವುದು ಕನಿಷ್ಠ ಕಾಳಜಿಯ ವರ್ಗದಲ್ಲಿ. ಮಧ್ಯ ಯುರೋಪಿನಲ್ಲಿ ಅದು ಹೇರಳ. ಇಷ್ಟು ಇರುವ ಪ್ರಾಣಿಗೆ ಇಷ್ಟು ಆತಂಕ ಏಕೆ ಎಂಬ ಪ್ರಶ್ನೆ ಬರುತ್ತದೆ. ಆದರೆ ಆ ವರ್ಗೀಕರಣ ಇಡೀ ಜಾತಿಗೆ ಒಟ್ಟಾಗಿ ಕೊಟ್ಟದ್ದು. ಬಾಲ್ಕನ್ ಸರೋವರಗಳ ಕಿವಿರಿನ ನ್ಯೂಟ್‌ಗಳು ಹೋದದ್ದು ಆ ಪಟ್ಟಿಯಲ್ಲಿ ಕಾಣುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಹೇರಳವಾಗಿರುವುದೇ ಇಲ್ಲಿ ಅಪಾಯದ ಮೂಲ. ಸೋಂಕು ತಡೆದುಕೊಳ್ಳುವ ಪ್ರಾಣಿ ಎಲ್ಲ ಕೊಳಗಳಲ್ಲೂ ಇರುವುದರಿಂದಲೇ ತಡೆದುಕೊಳ್ಳಲಾರದ ಅದರ ನೆರೆಯ ಪ್ರಾಣಿ ಚೇತರಿಸಿಕೊಳ್ಳಲಾರದು. ಒಂದು ಜಾತಿಯನ್ನು ಬಿಡಿಯಾಗಿ ಎಣಿಸಿ ಕ್ಷೇಮ ಎನ್ನುವ ಲೆಕ್ಕ ರೋಗದ ಮುಂದೆ ನಿಲ್ಲುವುದಿಲ್ಲ.

ಹಾಗಾದರೆ ಪೂರ್ತಿ ನಿಷೇಧಿಸಿಬಿಡಿ ಎಂಬುದು ಒಂದು ತುದಿ. ಸ್ವಿಟ್ಜರ್ಲೆಂಡ್ 2015ರಲ್ಲಿ ಸಾಲಮ್ಯಾಂಡರ್ ಬಳಗದ ಆಮದನ್ನೇ ನಿಲ್ಲಿಸಿತು. ಅಮೆರಿಕ 2016ರ ಜನವರಿಯಲ್ಲಿ ಆಲ್ಪೈನ್ ನ್ಯೂಟ್ ಸೇರಿದಂತೆ 20 ಕುಲಗಳ ಆಮದಿಗೆ ತಡೆಯೊಡ್ಡಿತು. ಅಲ್ಲಿನ ಅಪಲೇಚಿಯನ್ ಬೆಟ್ಟಗಳು ಜಗತ್ತಿನಲ್ಲೇ ಅತಿ ಹೆಚ್ಚು ಬಗೆಯ ಸಾಲಮ್ಯಾಂಡರ್‌ಗಳ ತವರು, ರೋಗ ಒಳಹೊಕ್ಕ ಮೇಲೆ ಮಾಡುವಂಥದ್ದು ಏನೂ ಉಳಿದಿರುವುದಿಲ್ಲ. ಐರೋಪ್ಯ ಒಕ್ಕೂಟ 2018ರಲ್ಲಿ ವ್ಯಾಪಾರದ ಸಾಗಣೆಗೆ ಪ್ರತ್ಯೇಕವಾಸ, ಪರೀಕ್ಷೆಗಳ ಷರತ್ತು ಹಾಕಿತು. ನಿಷೇಧದಿಂದ ವ್ಯಾಪಾರ ಕಳ್ಳದಾರಿ ಹಿಡಿಯುತ್ತದೆ, ಪರೀಕ್ಷೆಗೂ ಸಿಗದಂತಾಗುತ್ತದೆ ಎಂಬ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಕಳ್ಳದಾರಿಯಲ್ಲಿ ಒಂಬತ್ತು ವರ್ಷಕ್ಕೆ 23 ಲಕ್ಷ ನ್ಯೂಟ್‌ಗಳನ್ನು ಸಾಗಿಸಲಾಗದು. ರೋಗಕ್ಕೆ ಬೇಕಾದದ್ದು ಅವಕಾಶಗಳ ಸಂಖ್ಯೆ. ಖಂಡದಿಂದ ಖಂಡಕ್ಕೆ ಸಾಗಣೆ ನಿಲ್ಲಲಿ, ಖಂಡದೊಳಗೆ ತೊಟ್ಟಿಯಲ್ಲಿ ಹುಟ್ಟಿ ಪರೀಕ್ಷೆ ಮಾಡಿಸಿಕೊಂಡವು ಮಾತ್ರ ಕೈ ಬದಲಾಗಲಿ ಎಂಬ ನಡುದಾರಿ ನನಗೆ ಒಪ್ಪಿಗೆ.

ಕರ್ನಾಟಕದಲ್ಲಿ ಇದನ್ನು ಸಾಕುವ ಆಸೆಯವರಿಗೆ ಮೊದಲ ಉತ್ತರ ಥರ್ಮಾಮೀಟರ್ ಕೊಡುತ್ತದೆ. ಬೆಂಗಳೂರಿನ ಏಪ್ರಿಲ್‌ನಲ್ಲಿ ಪಾದರಸ 35ರ ಆಸುಪಾಸಿಗೆ ಏರುತ್ತದೆ. ಹಗಲೂ ರಾತ್ರಿ ಚಿಲ್ಲರ್ ಓಡಿಸಿ ನೀರು ತಣ್ಣಗಿಟ್ಟರೂ ಒಂದು ಮಧ್ಯಾಹ್ನದ ಕರೆಂಟ್ ಕಡಿತ ಎಲ್ಲವನ್ನೂ ಮುಗಿಸುತ್ತದೆ. ಎರಡನೆಯ ಉತ್ತರ ನಮ್ಮ ಕಪ್ಪೆಗಳದು. ಪಶ್ಚಿಮಘಟ್ಟದಲ್ಲಿ ನ್ಯೂಟ್, ಸಾಲಮ್ಯಾಂಡರ್‌ಗಳಿಲ್ಲ. ಭಾರತದಲ್ಲಿ ಅವು ಇರುವುದು ಡಾರ್ಜಿಲಿಂಗ್ ಕಡೆಯಿಂದ ಈಶಾನ್ಯದ ಬೆಟ್ಟಗಳವರೆಗೆ. ಘಟ್ಟದ ಸಂಪತ್ತು ಕಪ್ಪೆಗಳು ಮತ್ತು ಮಣ್ಣಿನೊಳಗೆ ಬದುಕುವ ಕಾಲಿಲ್ಲದ ಸಿಸಿಲಿಯನ್‌ಗಳು, ಅವುಗಳಲ್ಲಿ ಎಷ್ಟೋ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಬಿಸಾಲ್‌ನ ಹಿರಿಯ ಬಂಧುವಾದ ಮತ್ತೊಂದು ಶಿಲೀಂಧ್ರ ಜಗತ್ತಿನಾದ್ಯಂತ ಕಪ್ಪೆಗಳನ್ನು ಅಳಿಸಿದೆ, ಪಶ್ಚಿಮಘಟ್ಟದ ಕಪ್ಪೆಗಳ ಮೈಮೇಲೂ ಪತ್ತೆಯಾಗಿದೆ. ನಮ್ಮಲ್ಲಿ ಅದು ಇನ್ನೂ ಸಾಮೂಹಿಕ ಸಾವು ತಂದಿಲ್ಲ, ಆದರೆ ಅದರ ತಳಿಗಳು ಹಲವು. ಹೊರಗಿನ ಉಭಯವಾಸಿಯೊಂದಿಗೆ ಹೊಸ ತಳಿ ಬಂದರೆ ಈ ಸಮಾಧಾನ ಉಳಿಯುವ ಭರವಸೆ ಯಾರೂ ಕೊಡಲಾರರು. ತೊಟ್ಟಿಯ ಜೀವಿಗಳು ಹೊರಗೆ ಹೋಗುವುದೇ ಇಲ್ಲ ಎನ್ನುವಂತೆಯೂ ಇಲ್ಲ. ಬೆಂಗಳೂರಿನ ಕೆರೆಗಳಲ್ಲಿ ಇಂದು ಬಲೆಗೆ ಬೀಳುವ ಸಕ್ಕರ್ ಮೀನು ಅಕ್ವೇರಿಯಂ ಅಂಗಡಿಯಿಂದ ಹೊರಟದ್ದು. ದೂರದೇಶದ ಪ್ರಾಣಿಗಳ ನೋಂದಣಿಗೆ ಕೇಂದ್ರ 2024ರಲ್ಲಿ ನಿಯಮ ತಂದಿದೆ, ಆದರೆ ಅದು ಅನ್ವಯಿಸುವುದು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದದ (ಸೈಟಿಸ್) ಪಟ್ಟಿಗಳಲ್ಲಿರುವ ಜಾತಿಗಳಿಗೆ. ಆಲ್ಪೈನ್ ನ್ಯೂಟ್ ಆ ಪಟ್ಟಿಗಳಲ್ಲಿಲ್ಲ. ರೋಗ ಹೊರುವ ಸಾಧ್ಯತೆಯಿರುವ ಎಲ್ಲ ಉಭಯವಾಸಿಗಳನ್ನೂ, ಪಟ್ಟಿಯಲ್ಲಿರಲಿ ಇಲ್ಲದಿರಲಿ, ಈ ನಿಯಮದೊಳಗೆ ತರಬೇಕು.

ಮ್ಯೂನಿಕ್, ಜೂರಿಕ್, ಐಂಡ್‌ಹೋವನ್‌ಗಳಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳಿಗೆ ಈ ನ್ಯೂಟ್ ಹಿತ್ತಿಲಿನಲ್ಲೇ ಸಿಗಬಹುದು. ಮಕ್ಕಳು ಅದನ್ನು ಹಿಡಿದು ಡಬ್ಬಿಯಲ್ಲಿಟ್ಟು ಸಾಕುತ್ತೇವೆ ಎಂದರೆ ಆ ದೇಶಗಳ ಕಾನೂನು ಒಪ್ಪುವುದಿಲ್ಲ, ಅಲ್ಲಿ ಸ್ಥಳೀಯ ಉಭಯವಾಸಿಗಳನ್ನು ಹಿಡಿಯುವಂತಿಲ್ಲ. ನೋಡಲು ಮಾತ್ರ ಯಾರ ಅಡ್ಡಿಯೂ ಇಲ್ಲ. ಅಂಗಳದಲ್ಲಿ ಜಾಗವಿದ್ದರೆ ಎರಡು ಮೂರು ಮೀಟರ್ ಅಗಲದ, ಅಂಚು ಇಳಿಜಾರಾದ, ಬಿಸಿಲು ಬೀಳುವ ಒಂದು ಹೊಂಡ ತೋಡಿ. ಮೀನು ಬಿಡಬೇಡಿ. ಬೇರೆ ಕೊಳದಿಂದ ಗಿಡವನ್ನಾಗಲಿ ನೀರನ್ನಾಗಲಿ ನ್ಯೂಟನ್ನಾಗಲಿ ತಂದು ಹಾಕಬೇಡಿ. ಬರಬೇಕಾದ್ದು ತಾನಾಗಿ ಬರುತ್ತದೆ. ಪಕ್ಕದಲ್ಲಿ ಒಂದಿಷ್ಟು ಕಲ್ಲು, ಕೊಳೆತ ಕಟ್ಟಿಗೆಯ ರಾಶಿ ಇದ್ದರೆ ಅವುಗಳ ಚಳಿಗಾಲಕ್ಕೂ ಜಾಗವಾಯಿತು. ಕಾಡಿನ ಕೊಳ ನೋಡಿಬಂದ ಬೂಟನ್ನು ಇನ್ನೊಂದು ಕೊಳಕ್ಕೆ ಹೋಗುವ ಮೊದಲು ತೊಳೆದು ಪೂರ್ತಿ ಒಣಗಿಸಿ. ಮಾರ್ಚಿನ ಮಳೆಯ ಸಂಜೆಗಳಲ್ಲಿ ಜರ್ಮನಿಯ ಅನೇಕ ಊರುಗಳ ರಸ್ತೆಬದಿಗೆ ಗಿಡ್ಡ ಬೇಲಿ ಕಟ್ಟಿ, ನೆಲದಲ್ಲಿ ಬಕೆಟ್ ಹೂತಿರುತ್ತಾರೆ. ಕೊಳಕ್ಕೆ ಹೊರಟ ನೆಲಗಪ್ಪೆ, ನ್ಯೂಟ್‌ಗಳು ಬೇಲಿಗುಂಟ ನಡೆದು ಬಕೆಟಿಗೆ ಬೀಳುತ್ತವೆ. ಸ್ವಯಂಸೇವಕರು ಅವುಗಳನ್ನು ಜಾತಿವಾರು ಎಣಿಸಿ, ಬರೆದುಕೊಂಡು, ರಸ್ತೆಯ ಆಚೆ ಬಿಡುತ್ತಾರೆ. ಕೆಲಸಕ್ಕೆ ಯಾವಾಗಲೂ ಜನ ಸಾಲುವುದಿಲ್ಲ, ಸ್ಥಳೀಯ ಪ್ರಕೃತಿ ಸಂಘಗಳು ಫೆಬ್ರುವರಿಯಲ್ಲೇ ಹೆಸರು ಬರೆದುಕೊಳ್ಳಲು ಶುರುಮಾಡುತ್ತವೆ.